ಅಂಬುಜಾಕ್ಷಿಯವರ ಬಿನ್ನವತ್ತಳೆ

ಸಿದ್ದರಾಜುವಿಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುತ್ತಿರಲಿಲ್ಲ. ಹಾಲು ತಂದವಳ ಚೊಂಬಿನಲ್ಲಿ ನೀರು ಹುಡುಕುತ್ತಿದ್ದ. ಗುರುಗಳ ಕಾಲಿಗೆ ಬಿದ್ದು ಕಣ್ಣೊರೆಸಿಕೊಂಡವರ ಸೆರಗು ನಿಜಕ್ಕೂ ಒದ್ದೆಯಾಗಿದೆಯೇ ಎಂದು ಓರೆಗಣ್ಣಲ್ಲಿ ನೋಡುತ್ತಿದ್ದ. ಈ ಚಾಳಿಗೆ ಅವನು ಇಟ್ಟುಕೊಂಡಿದ್ದ ಹೆಸರು ವಿವೇಕ.

ಕಪಿಲೆಯ ದಂಡೆಯ ಆ ಆಶ್ರಮಕ್ಕೆ ಅವನು ಬಂದು ಹನ್ನೊಂದು ವರ್ಷವಾಗಿತ್ತು. ದೀಕ್ಷೆ ಪಡೆದು ಕಾವಿ ಉಡಬೇಕು, ಅದೊಂದೇ ಆಸೆ. ಅವನ ಹಿಂದೆ ಬಂದ ಇಬ್ಬರಿಗೆ ಆಗಲೇ ದೀಕ್ಷೆಯಾಗಿತ್ತು. ಇವನು ಕೇಳಿದಾಗಲೆಲ್ಲ ಗುರುಗಳು "ನೋಡೋಣ" ಎನ್ನುತ್ತಿದ್ದರು.

ಆ ವರ್ಷ ಆಶ್ರಮದ ಸನ್ಮಾನಕ್ಕೆ ನಟಿ ಅಂಬುಜಾಕ್ಷಿಯವರನ್ನು ಕರೆದಿದ್ದರು. ನಾಟಕ, ಸಿನಿಮಾ, ಟಿವಿ ಧಾರಾವಾಹಿ, ಮೂರರಲ್ಲೂ ಪ್ರಶಸ್ತಿ ಬಾಚಿಕೊಂಡ ಹೆಂಗಸು. ವಯಸ್ಸು ಅರವತ್ತೆರಡು. ಸನ್ಮಾನಕ್ಕೆ ಇನ್ನೂ ಹತ್ತು ದಿನ ಇರುವಾಗಲೇ ಬಂದು, ಒಂದು ಕೋಣೆ ಕೇಳಿ ಉಳಿದುಕೊಂಡರು.

ಹತ್ತು ದಿನ ಮೊದಲೇ ಏಕೆ? ಸಿದ್ದರಾಜುವಿನ ಕಿವಿ ನೆಟ್ಟಗಾಯಿತು.

ಗುರುಗಳು ಅವನನ್ನು ಕರೆದರು.

"ಆಯಮ್ಮಂಗೆ ಬಿನ್ನವತ್ತಳೆ ನೀನೇ ಬರಿ."

ಬಿನ್ನವತ್ತಳೆ ಎಂದರೆ ಸನ್ಮಾನದ ದಿನ ಎಲ್ಲರ ಮುಂದೆ ಓದಿ, ಗಾಜಿನ ಕಟ್ಟು ಹಾಕಿಸಿ ಕೊಡುವ ಹೊಗಳಿಕೆಯ ಪತ್ರ. ಹೊಗಳುವುದೆಂದರೆ ಸಿದ್ದರಾಜುವಿಗೆ ಹಲ್ಲು ಕೀಳಿಸಿಕೊಂಡಷ್ಟು ಹಿಂಸೆ.

"ನಾನಾ, ಬುದ್ದಿ?" ಎಂದ. ಆ ಸೀಮೆಯಲ್ಲಿ ಗುರುಗಳನ್ನು ಹಾಗೆಯೇ ಕರೆಯುವುದು.

"ನೀನೇ. ಆದ್ರೆ ನಿನಗೆ ಅನುಮಾನ ಇರೋ ಒಂದು ಮಾತೂ ಅದ್ರಲ್ಲಿ ಇರಬಾರ್ದು. ಹಿಂದಿನ ದಿನ ನನಗೆ ಓದಿ ತೋರ್ಸು. ಆಮೇಲೆ ನಿನ್ನ ದೀಕ್ಷೆ ಮಾತಾಡೋಣ."

ಸಿದ್ದರಾಜು ಅಡ್ಡಬಿದ್ದ. ಬಿನ್ನವತ್ತಳೆ ಏನು, ದೀಕ್ಷೆಗಾಗಿ ಅವನು ಪುರಾಣವನ್ನೇ ಬರೆದುಕೊಟ್ಟಾನು.

ಮರುದಿನ ಬೆಳಿಗ್ಗೆ ಕಾಗದ ಹಿಡಿದು ಹೊರಟ. ಅಂಬುಜಾಕ್ಷಿ ಅಡುಗೆಮನೆಯ ಜಗಲಿಯಲ್ಲಿ ಕೆಂಪಮ್ಮನ ಜೊತೆ ಅವರೆಕಾಯಿ ಸುಲಿಯುತ್ತಿದ್ದರು. ಕೆಂಪಮ್ಮ ಆಶ್ರಮದ ಅಡುಗೆಯವಳು.

"ಸಿನಿಮಾದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂದಿದೆಯಂತೆ. ಏನು ಮೆಚ್ಚಿ ಕೊಟ್ರು?" ಎಂದು ಕೇಳಿದ.

"ಮಾತು ಆಡಿದ ರೀತಿ ಮೆಚ್ಚಿ ಅಂತ ಬರೆದಿದ್ರು. ಆದ್ರೆ ಆ ದನಿ ನಂದಲ್ಲ. ಆಗ ನನಗೆ ಗಂಟಲು ಕೆಟ್ಟಿತ್ತು. ಕಾವೇರಮ್ಮ ಅಂತ ಇನ್ನೊಬ್ಬಾಕೆ ಡಬ್ಬಿಂಗ್ ಮಾಡಿದ್ರು. ಅವರ ಹೆಸರು ಎಲ್ಲೂ ಬರಲಿಲ್ಲ. ನೀವಾದ್ರೂ ಬರ್ಕೊಳ್ಳಿ."

ಸಿದ್ದರಾಜು ಬರೆದುಕೊಳ್ಳಲಿಲ್ಲ. ಕೇಳದೆಯೇ ತಮ್ಮ ಗುಟ್ಟು ಬಿಚ್ಚಿಡುವವರು ಇನ್ನೂ ದೊಡ್ಡದನ್ನು ಬಚ್ಚಿಟ್ಟಿರುತ್ತಾರೆ ಎಂಬುದು ಅವನ ಲೆಕ್ಕಾಚಾರ.

"ಟಿವಿಯಲ್ಲಿ ಬಂದಿದ್ದು?"

"ಅತ್ತೆ ಪಾತ್ರಕ್ಕೆ. ಒಂಬೈನೂರು ಕಂತು ಸೊಸೆ ಮೇಲೆ ಕಣ್ಣು ಕೆಕ್ಕರಿಸಿದ್ದೇ ಕೆಲಸ. ಚಾನೆಲ್‌ನವರು ತಮ್ಮ ಧಾರಾವಾಹಿಯವರಿಗೆ ತಾವೇ ಕೊಟ್ಕೊಳ್ಳೋ ಪ್ರಶಸ್ತಿ ಅದು. ಯಾರೂ ಮುನಿಸ್ಕೋಬಾರ್ದು ಅಂತ ಎಲ್ರಿಗೂ ಒಂದೊಂದು. ಆ ವರ್ಷ ನಮ್ಮ ನಾಯಿಗೂ ಬಂತು."

ಕೆಂಪಮ್ಮ ಬಿದ್ದು ಬಿದ್ದು ನಕ್ಕಳು. "ನಾನು ನೋಡಿವ್ನಿ ಕಣಪ್ಪ. ಆ ನಾಯಿ ಚೆನ್ನಾಗೇ ಮಾಡಿತ್ತು."

ಸಿದ್ದರಾಜು ನಗಲಿಲ್ಲ. "ನಾಟಕದ್ದಾದ್ರೂ ಸರಿಯಾಗಿ ಬಂದಿದ್ದೋ?"

ಅಂಬುಜಾಕ್ಷಿ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು.

"ಮಗನನ್ನ ಕಳ್ಕೊಂಡ ತಾಯಿ ಪಾತ್ರ. ಕೊನೇ ದೃಶ್ಯದಲ್ಲಿ ಮಾತು ಮರೆತೋಯ್ತು. ಬೆವೆತು ಹೋಗಿ ಹಾಗೇ ನಿಂತುಬಿಟ್ಟೆ. ಆಮೇಲೆ ತೆರೆ ಎಳೆದ್ರು. ಅಷ್ಟು ಹೊತ್ತು ಮೌನವಾಗಿ ನಿಲ್ಲೋಕೆ ಎದೆಗಾರಿಕೆ ಬೇಕು ಅಂತ ತೀರ್ಪುಗಾರರು ಹೇಳಿದ್ರು. ಸುಳ್ಳು ಯಾಕೆ ಹೇಳ್ಲಿ, ಅವತ್ತು ನನಗೆ ನಾಚಿಕೆಯೂ ಆಯ್ತು, ಖುಷಿಯೂ ಆಯ್ತು."

"ಹಂಗಾದ್ರೆ ನಿಮಗೆ ಬರೋದಾದ್ರೂ ಏನು?" ಮಾತು ಬಾಯಿ ತಪ್ಪಿ ಬಂದುಬಿಟ್ಟಿತು.

ಅವರು ಬೇಸರ ಮಾಡಿಕೊಳ್ಳಲಿಲ್ಲ.

"ನೋಡೋಕೆ ಬರುತ್ತೆ. ಒಬ್ಬರನ್ನ ನೋಡ್ತಾ ಇರ್ತೀನಿ. ನೋಡಿ ನೋಡಿ ಅವರು ಮೈಗೆ ಬಂದುಬಿಡ್ತಾರೆ. ಬೇಡ ಅಂದ್ರೂ ಬಿಡಲ್ಲ."

ಮೂರು ಪ್ರಶಸ್ತಿ, ಮೂರೂ ಟೊಳ್ಳು. ಆದರೆ ಟೊಳ್ಳೆಂದು ಹೇಳಿದ್ದೂ ಒಂದು ನಟನೆಯಾಗಿದ್ದರೆ? ಸರಳ ಹೆಂಗಸೆಂದು ಹೆಸರು ತೆಗೆದುಕೊಳ್ಳಲು ಇದಕ್ಕಿಂತ ಒಳ್ಳೆ ದಾರಿ ಇದೆಯೇ? ಸಿದ್ದರಾಜು ತಲೆ ಕೆರೆದುಕೊಂಡ. ಕಾಗದ ಖಾಲಿ ಉಳಿಯಿತು. ಇನ್ನು ಅವರ ಬಾಯಿಮಾತು ನಂಬುವುದು ಬೇಡ, ಕಣ್ಣಾರೆ ನೋಡಿಯೇ ತಿಳಿಯಬೇಕು ಎಂದುಕೊಂಡ.

ಅವತ್ತಿನಿಂದ ಅವರ ಬೆನ್ನು ಬಿದ್ದ. ಊಟದ ಪಂಕ್ತಿಯಲ್ಲಿ ಎದುರು ಕೂತ. ಗುರುಗಳ ಪ್ರವಚನದಲ್ಲಿ ಕಂಬದ ಮರೆಯಿಂದ ಅವರ ಮುಖವನ್ನೇ ನೋಡಿದ. ಅವರು ಗುರುಗಳ ಮೇಲಿಟ್ಟ ಕಣ್ಣು ಕದಲಿಸುತ್ತಿರಲಿಲ್ಲ. ಭಕ್ತಿಯ ಸೋಗು ಚೆನ್ನಾಗಿ ಹಾಕುತ್ತಾರೆ ಎಂದುಕೊಂಡ.

ಸನ್ಮಾನಕ್ಕೆ ಇನ್ನು ಎರಡು ದಿನ ಇರುವಾಗ, ಒಂದು ಬೆಳಿಗ್ಗೆ, ಕಳ್ಳ ಸಿಕ್ಕಿಬಿದ್ದ ಹಾಗಾಯಿತು.

ಅಂಬುಜಾಕ್ಷಿ ಒಬ್ಬರೇ ನದಿಯ ಮೆಟ್ಟಿಲು ಇಳಿಯುತ್ತಿದ್ದರು. ನೆಟ್ಟಗೆ ನಡೆಯುವ ಹೆಂಗಸು, ಅವತ್ತು ಬೇರೆ ಯಾರೋ ಆಗಿದ್ದರು. ಎಡಗಾಲನ್ನು ಮೊದಲು ಚಾಚಿ, ಬೆರಳಿನಿಂದ ಮೆಟ್ಟಿಲನ್ನು ತಡವಿ ನೋಡಿ, ಆಮೇಲೆ ಭಾರ ಬಿಡುತ್ತಿದ್ದರು. ಗೋಡೆಗೆ ಅಂಗೈ ಊರದೆ ಬೆರಳ ಗೆಣ್ಣು ಮಾತ್ರ ತಾಗಿಸುತ್ತಿದ್ದರು. ನಡುವೆ ನಿಂತು, ಯಾರೋ ಮಾತಾಡಿಸಿದಂತೆ ಮುಖವನ್ನು ಎಡಕ್ಕೆ ತಿರುಗಿಸಿ ಬಲಗಿವಿ ಮುಂದೆ ಮಾಡಿದರು. ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಹತ್ತಿದರು, ಮತ್ತೆ ಇಳಿದರು.

ತಾಲೀಮು! ಯಾವುದೋ ಮುದುಕನ ಪಾತ್ರಕ್ಕೆ ಇಲ್ಲಿ ತಾಲೀಮು ನಡೆಸುತ್ತಿದ್ದಾರೆ. ಹತ್ತು ದಿನ ಮೊದಲೇ ಬಂದ ಗುಟ್ಟು ಇದು. ಸಿದ್ದರಾಜುವಿಗೆ ಹಬ್ಬದೂಟ ಉಂಡಷ್ಟು ಸಮಾಧಾನವಾಯಿತು. ಮರುದಿನವೂ ಹೋಗಿ ಬಿಡದೆ ನೋಡಿ ಖಚಿತ ಮಾಡಿಕೊಂಡ.

ಅಂದೇ, ಸನ್ಮಾನದ ಹಿಂದಿನ ದಿನ, ಅವನು ಖಾಲಿ ಕಾಗದವನ್ನು ಗುರುಗಳ ಮುಂದಿಟ್ಟ.

"ಏನೂ ಬರೆದಿಲ್ವಲ್ಲೋ."

"ಅನುಮಾನ ಇರೋ ಮಾತು ಬರೀಬೇಡ ಅಂದಿದ್ರಿ ಬುದ್ದಿ. ಆಯಮ್ಮನ ವಿಷಯದಲ್ಲಿ ನಂಬೋ ಮಾತು ಒಂದೂ ಸಿಗಲಿಲ್ಲ. ಪ್ರಶಸ್ತಿಗಳ ಕಥೆ ಅವರೇ ಹೇಳ್ತಾರೆ. ಇಲ್ಲಿಗೆ ಬಂದಿರೋದೂ ಭಕ್ತಿಗಲ್ಲ, ತಾಲೀಮಿಗೆ. ನಾನೇ ಕಂಡೆ."

"ಅನುಮಾನ ಇಲ್ದೆ ಕಂಡೆಯಾ?"

"ಈ ಎರಡು ಕಣ್ಣಲ್ಲಿ ಕಂಡೆ. ನೂರಕ್ಕೆ ನೂರು."

"ಹಂಗಾದ್ರೆ ಮಾಡಿ ತೋರ್ಸು."

ಸಿದ್ದರಾಜು ಎದ್ದ. ಗುರುಗಳ ಕೋಣೆಗೆ ಹತ್ತಲು ನಾಲ್ಕು ಮೆಟ್ಟಿಲಿತ್ತು. ಎಡಗಾಲು ಚಾಚಿ, ಬೆರಳಲ್ಲಿ ಕಲ್ಲು ತಡವಿ, ಆಮೇಲೆ ಭಾರ ಬಿಟ್ಟು ಇಳಿದ. ಗೋಡೆಗೆ ಗೆಣ್ಣು ತಾಗಿಸಿದ. ಮುಖ ಎಡಕ್ಕೆ ತಿರುಗಿಸಿ ಬಲಗಿವಿ ಮುಂದೆ ಮಾಡಿದ. ಎರಡು ದಿನ ಕಣ್ಣು ಮಿಟುಕಿಸದೆ ನೋಡಿದ್ದು, ಒಂದಿಷ್ಟೂ ತಪ್ಪಲಿಲ್ಲ.

ಗುರುಗಳಿಗೆ ಗಂಜಿ ತಂದಿದ್ದ ಕೆಂಪಮ್ಮ ಮೆಟ್ಟಿಲ ಬುಡದಲ್ಲೇ ನಿಂತಳು.

"ಅಯ್ಯೋ ಸಿದ್ದರಾಜಪ್ಪ, ಬುದ್ದಿಯೋರ ಎದುರಿಗೇ ಬುದ್ದಿಯೋರನ್ನ ಅಣಕಿಸ್ತಾ ಇದ್ದೀಯಲ್ಲ."

"ಬುದ್ದಿಯೋರನ್ನಾ?"

"ಮತ್ತಿನ್ಯಾರು? ಮೂರು ವರ್ಷದ ಹಿಂದೆ ಹೊಳೆ ಮೆಟ್ಟಿಲಲ್ಲಿ ಜಾರಿಬಿದ್ದಾಗಿಂದ ಬುದ್ದಿಯೋರು ಹಂಗೇ ಅಲ್ವಾ ಇಳಿಯೋದು? ಎಡಗಿವಿನೂ ಕೇಳ್ಸಕಿಲ್ಲ. ನೀನು ಯಾವಾಗ್ಲೂ ಆ ಕಡೆಗೇ ಕೂತು ಮಾತಾಡ್ತೀಯ. ಗೊತ್ತಿದ್ದೇ ಕೂರ್ತೀಯೇನೋ ಅಂದ್ಕೊಂಡಿದ್ದೆ."

ಕೆಂಪಮ್ಮ ಗಂಜಿ ಇಟ್ಟು ಹೋದಳು.

ಸಿದ್ದರಾಜು ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ದಿನಾ ಬೆಳಿಗ್ಗೆ ಗುರುಗಳ ಆ ಪಾದಕ್ಕೆ ನೀರು ಹಾಕುತ್ತಿದ್ದವನು ಅವನೇ. ನೀರು ಹಾಕುವಾಗ, ಸುತ್ತ ನಿಂತವರಲ್ಲಿ ಯಾರ ನಮಸ್ಕಾರ ನಿಜ, ಯಾರದು ಸುಳ್ಳು ಎಂದು ನೋಡುತ್ತಿದ್ದ.

ಗುರುಗಳು ಗಂಜಿ ಕುಡಿದರು.

"ಬಿನ್ನವತ್ತಳೆ ಏನಂತ ಬರೀಲಿ, ಬುದ್ದಿ?"

"ಈಗ ಮೆಟ್ಟಿಲ ಮೇಲೆ ಮಾಡಿ ತೋರಿಸಿದೆಯಲ್ಲ, ಅದನ್ನೇ ಬರಿ. ಅದಕ್ಕಿಂತ ದೊಡ್ಡ ಹೊಗಳಿಕೆ ಆಯಮ್ಮಂಗೆ ಯಾವ ಪ್ರಶಸ್ತಿಯಲ್ಲೂ ಸಿಕ್ಕಿರಲಿಕ್ಕಿಲ್ಲ."

ಸಿದ್ದರಾಜು ಎದ್ದು ಮೆಟ್ಟಿಲು ಹತ್ತಿ, ಗುರುಗಳನ್ನು ಬಳಸಿಕೊಂಡು ಬಲಗಡೆಗೆ ಬಂದು ಕೂತ. ಇನ್ನೊಂದು ಮಾತು ಕೇಳಬೇಕಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅದನ್ನು ಕೇಳಲು ಅವನಿಗೆ ಹೆದರಿಕೆಯಾಯಿತು.

"ನನ್ನ ದೀಕ್ಷೆ?"

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ನಾಳೆ ಸನ್ಮಾನಕ್ಕೆ ಇನ್ನೊಂದು ಶಾಲು ತರಿಸಪ್ಪ, ನಿನಗೆ. ಹನ್ನೊಂದು ವರ್ಷ ಶಿಷ್ಯನ ಪಾರ್ಟು ಮಾಡಿದ್ದೀಯ. ನಿನಗೇ ಅನುಮಾನ ಬರ್ಲಿಲ್ಲ ನೋಡು."