ಮೆಣಸಿಲ್ಲದ ಅರಿಶಿನ

ನಮ್ಮೂರ ಅರಿಶಿನ ಅಂದರೆ ಸುಮ್ಮನಲ್ಲ. ಕೋಡು ಮುರಿದ ಎತ್ತಿಗೆ ಮೆತ್ತಿದರೆ ಬೆಳಗಾಗೋ ಹೊತ್ತಿಗೆ ಮೂರು ಕೋಡು. ಅಂಥಾ ಊರಲ್ಲಿ ಸಣ್ಣತಾಯಮ್ಮ ಅಂತ ಒಬ್ಬಳು, ಅವಳಿಗೆ ಗುರುಮಲ್ಲ ಅಂತ ಒಬ್ಬನೇ ಮಗ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಅವನಿಗೊಂದು ಮದುವೆ ಆಗಿಬಿಟ್ಟರೆ ಸಾಕು ಅನ್ನೋದೊಂದೇ ಅವಳ ಚಿಂತೆ.

ಒಂದಿನ ಸೊಪ್ಪು ಕೊಯ್ಯುವಾಗ ಕುಡುಗೋಲು ತಾಗಿ ಅವಳ ಬೆರಳು ಕುಯ್ದುಹೋಯಿತು.

"ಮಗಾ, ರಕ್ತ ಆಗಿರೋ ಕಡೆ ಅರಿಶಿನ ಮೆತ್ತು."

ಗುರುಮಲ್ಲ ಕುಡುಗೋಲಿಗೆ ದಪ್ಪಗೆ ಮೆತ್ತಿ, ಬಟ್ಟೆ ಸುತ್ತಿ, ನೆರಳಲ್ಲಿ ಮಲಗಿಸಿದ.

"ಅಯ್ಯೋ ಪೆದ್ದೇ, ಕುಡುಗೋಲಿಗೆ ನೋವಾಯ್ತೇನೋ? ಯಾರಿಗೆ ಎಲ್ಲಿ ನೋವೋ ಅಲ್ಲಿಗೆ ಮೆತ್ತಬೇಕು."

"ಆಗಲಿ ಕಣವ್ವ."

ಮುಂದಿನ ವಾರ ಹೊಳೆಯಾಚೆಯಿಂದ ಹೆಣ್ಣಿನಪ್ಪ ಪುಟ್ಟಮಾದಯ್ಯ ಮಾತುಕತೆಗೆ ಬಂದ. ಕೂತವನೇ ಕೆಮ್ಮಿದ. "ಗಂಟಲು ನೋವು ಕಣಪ್ಪ" ಅಂದ. ಸಣ್ಣತಾಯಮ್ಮ ಎಲೆ ಅಡಿಕೆ ತರುವಷ್ಟರಲ್ಲಿ ಬೀಗರ ಕುತ್ತಿಗೆ, ಗಡ್ಡ, ಹೊಸ ಶಲ್ಯ ಎಲ್ಲ ಹಳದಿ.

"ಒಳಗಿನ ನೋವಿಗೆ ಒಳಕ್ಕೆ ಕೊಡಬೇಕು ಕಣೋ, ಬಿಸಿ ಹಾಲಲ್ಲಿ. ಕಾಳುಮೆಣಸಿನ ಪುಡಿ ಮರೀಬೇಡ. ಬರೀ ಅರಿಶಿನ ಹಾಕಿದರೆ ಅದರ ಸತ್ವ ಮೈಗೆ ಹತ್ತಲ್ಲ ಅಂತ ಆಸ್ಪತ್ರೆ ನರ್ಸಮ್ಮ ಹೇಳಿಲ್ವಾ? ಮೆಣಸಿಲ್ಲದೆ ಅರಿಶಿನ ಮುಟ್ಟಲೇಬೇಡ."

"ಆಗಲಿ ಕಣವ್ವ."

ಹಾಲು ಕುಡಿದ ಪುಟ್ಟಮಾದಯ್ಯನ ಗಂಟಲು ಹಗುರಾಯಿತು. "ಹುಡುಗನಿಗೆ ಕೈಗುಣ ಇದೆ" ಅಂದ. "ಆದರೆ ತಾಯಿ, ಇನ್ನೊಂದು ಎಡವಟ್ಟಾದರೆ ಈ ಸಂಬಂಧ ಇಲ್ಲ."

ಮದುವೆ ದಿನ ಬೆಳಿಗ್ಗೆ ಅರಿಶಿನ ಶಾಸ್ತ್ರ. ಒರಳಿನ ಪಕ್ಕ ಬೋಗುಣಿ ತುಂಬ ಅರಿಶಿನ. ಗುರುಮಲ್ಲ ಬೆರಳದ್ದಿ ನೆಕ್ಕಿ ನೋಡಿದ. ಮೆಣಸಿಲ್ಲ. ಪಾಪ, ಹೆಂಗಸರು ಮರೆತಿದ್ದಾರೆ ಅಂತ ಎರಡು ಸೇರು ಮೆಣಸು ಕುಟ್ಟಿ ಕಲಸಿದ. ಮುತ್ತೈದೆಯರು ಅವನಿಗೆ ಹಚ್ಚಿದರು, ತಾವೂ ಹಚ್ಚಿಕೊಂಡರು, ಮಿಕ್ಕಿದ್ದನ್ನು ಪದ್ಧತಿಯಂತೆ ಹೆಣ್ಣಿನ ಮನೆಗೆ ಕಳಿಸಿದರು. ಇಲ್ಲಿ ಉರಿ ಏಳೋ ಹೊತ್ತಿಗೆ ಬೋಗುಣಿ ಹೊಳೆ ದಾಟಿತ್ತು.

ಸ್ವಲ್ಪ ಹೊತ್ತಿಗೆ ಈ ದಡದವರೂ ಆ ದಡದವರೂ ಸಾಲಾಗಿ ಹೊಳೆಯಲ್ಲಿ ಕೂತಿದ್ದರು. ಪುಟ್ಟಮಾದಯ್ಯ ನೀರಿಂದ ತಲೆ ಎತ್ತಿ, "ಈ ಸಂಬಂಧ ಇನ್ನು..." ಅನ್ನುವಷ್ಟರಲ್ಲಿ ಮದುಮಗಳು ತಣ್ಣಗೆ ಹೇಳಿದಳು: "ಅಪ್ಪಾ, ನಿನ್ನ ಗಂಟಲು ವಾಸಿ ಮಾಡಿದ್ದು ಇವರೇ ಅಲ್ವಾ? ಉರಿ ಆರೋವರೆಗೂ ನಾನಂತೂ ಏಳಲ್ಲ. ತಾಳಿ ಇಲ್ಲೇ ಕಟ್ಟಲಿ."

ಹಾಗೇ ಆಯಿತು. ಮಂತ್ರ ಹೇಳೋ ಅಯ್ಯನವರು ಬಂಡೆ ಮೇಲೆ, ಗಂಡು ಹೆಣ್ಣು ಎದೆ ಮಟ್ಟ ನೀರಲ್ಲಿ. ತಾಳಿ ಗುರುಮಲ್ಲನ ಕೈಗೆ ಬಂತು. ಸಣ್ಣತಾಯಮ್ಮ ಇನ್ನೇನು ನಿಟ್ಟುಸಿರು ಬಿಡಬೇಕು, ಮಗ ದಾರವನ್ನು ಮೂಸಿ ನೋಡಿದ.

"ಅವ್ವಾ, ಇದಕ್ಕೂ ಅರಿಶಿನ ಹಚ್ಚವ್ರೆ. ಮೆಣಸೆಲ್ಲಿ?"

ಅಂದವನೇ, ತಾಳಿ ನೀರುಪಾಲಾಗದಿರಲಿ ಅಂತ ತನ್ನ ಕುತ್ತಿಗೆಗೇ ಮೂರು ಗಂಟು ಭದ್ರವಾಗಿ ಹಾಕಿಕೊಂಡು, ಮೆಣಸು ತರೋಕೆ ಮನೆ ಕಡೆ ಈಜಿದ.