ತೋಳಿಗೆ ಕಟ್ಟಿದ ಪಟ್ಟಿ

"ಗುರುಗಳೇ, ನಮ್ಮ ದೋಷವನ್ನು ತೋರಿಸಿಕೊಟ್ಟವರ ಮೇಲೆ ಮೊದಲು ಸಿಟ್ಟೇ ಏಕೆ ಬರುತ್ತದೆ?"

ಮಠದ ಹಿಂದಿನ ಕಟ್ಟೆಯ ಬಳಿ ನಿಂತು ಶಿಷ್ಯ ಮಹಾಂತ ಹೀಗೆ ಕೇಳಿದ. ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿದರು. ಕುಳಿತುಕೊಳ್ಳಲು ಹೇಳಿ ಈ ಕತೆ ಹೇಳಿದರು.

ಒಬ್ಬ ಅಡುಗೆಯವನಿದ್ದ. ಹೆಸರು ಕೊಟ್ರಬಸಪ್ಪ. ಮದುವೆಯಾಗಲಿ, ಗೃಹಪ್ರವೇಶವಾಗಲಿ, ಸುತ್ತಲಿನ ಊರಿನವರು ಅವನನ್ನೇ ಕರೆಯುತ್ತಿದ್ದರು. ಐನೂರು ಜನರ ಸಾರಿಗೆ ಉಪ್ಪನ್ನು ಕೈಯಳತೆಯಲ್ಲಿ ಹಾಕುತ್ತಿದ್ದ. ಎಂದೂ ತಪ್ಪುತ್ತಿರಲಿಲ್ಲ. ಎತ್ತರ ಸಾಧಾರಣ, ತೂಕ ನೂರ ನಾಲ್ಕು ಕಿಲೋ. ಯಾರಾದರೂ ತಮಾಷೆ ಮಾಡಿದರೆ ಹೊಟ್ಟೆಯನ್ನು ತಟ್ಟಿಕೊಂಡು, "ಇದೇ ನನ್ನ ಬೋರ್ಡು. ಸಣಕಲ ಅಡುಗೆಯವನನ್ನು ಯಾರು ನಂಬುತ್ತಾರೆ?" ಎನ್ನುತ್ತಿದ್ದ.

ಅವನ ತಂದೆಯೂ ಅಡುಗೆಯವರೇ. ಐವತ್ತೆರಡನೆಯ ವಯಸ್ಸಿನಲ್ಲಿ ಒಲೆಯ ಪಕ್ಕದಲ್ಲೇ ಕುಸಿದು ಬಿದ್ದರು. ಬಲಗೈ ಹೋಯಿತು, ಮಾತು ಹೋಯಿತು. ಮುಂದೆ ಆರು ವರ್ಷ ಎಡಗೈ ಸನ್ನೆಯಲ್ಲೇ ಬದುಕಿದರು. ತುತ್ತು ಮಾಡಿ ಉಣಿಸಿದವನು ಕೊಟ್ರಬಸಪ್ಪನೇ. ಅವರಿಗೆ ರಕ್ತದೊತ್ತಡ ಇತ್ತೆಂಬುದು ಬಿದ್ದ ದಿನವೇ ಮನೆಯವರಿಗೆ ತಿಳಿದದ್ದು. ಮಗನಿಗೆ ಈಗ ಐವತ್ತಾಗಿತ್ತು. ಇನ್ನು ಎರಡೇ ವರ್ಷ ಎಂಬುದು ಅವನ ಮನಸ್ಸಿನಲ್ಲಿತ್ತು. ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಹೆಂಡತಿಯ ಒತ್ತಾಯಕ್ಕೆ ವರ್ಷಕ್ಕೊಮ್ಮೆ ಡಾಕ್ಟರ ಬಳಿ ಹೋಗುತ್ತಿದ್ದ. ಕೆಲಸವಿಲ್ಲದ ದಿನವನ್ನೇ ನೋಡಿ ಹೋಗುತ್ತಿದ್ದ. ಸರದಿ ಬರುವವರೆಗೆ ಅರ್ಧ ಗಂಟೆ ಫ್ಯಾನಿನ ಕೆಳಗೆ ಸುಮ್ಮನೆ ಕೂರುತ್ತಿದ್ದ. ಪ್ರತಿ ಸಲವೂ ಒತ್ತಡ ಸರಿಯಾಗಿಯೇ ಇರುತ್ತಿತ್ತು. "ತೂಕ ಮಾತ್ರ ಇಳಿಸಿ" ಎಂದು ಡಾಕ್ಟರು ಹೇಳುತ್ತಿದ್ದರು. ಆ ಮಾತನ್ನು ಅವನು ಅಲ್ಲೇ ಬಿಟ್ಟು ಬರುತ್ತಿದ್ದ. "ಎಲ್ಲ ಸರಿ ಇದೆಯಂತೆ" ಎಂಬುದಷ್ಟೇ ಮನೆಗೆ ಬರುತ್ತಿತ್ತು.

ಅವನಿಗೊಬ್ಬ ತಂಗಿ, ನೀಲಾ. ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು. ಒಮ್ಮೆ ಎರಡು ದಿನದ ರಜೆಗೆ ಅಣ್ಣನ ಮನೆಗೆ ಬಂದಳು. ಜೊತೆಯಲ್ಲಿ ಬಿ.ಪಿ. ನೋಡುವ ಸಣ್ಣ ಯಂತ್ರ ತಂದಿದ್ದಳು. ಅತ್ತಿಗೆಗೆ ನೋಡಿದಳು, ಸರಿ ಇತ್ತು. ಅಣ್ಣ ಸಂತೆ ಮುಗಿಸಿ ಬಂದು ಸ್ವಲ್ಪ ಹೊತ್ತು ಕುಳಿತ ಮೇಲೆ ಅವನ ತೋಳಿಗೂ ಪಟ್ಟಿ ಕಟ್ಟಿದಳು. ನೂರ ಅರವತ್ತೆರಡು, ಕೆಳಗೆ ನೂರು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದಳು. ನೂರ ಐವತ್ತೆಂಟು.

ಊಟಕ್ಕೆ ಕುಳಿತಾಗ ಹೇಳಿದಳು. "ಅಣ್ಣಾ, ನಿನ್ನ ಬಿ.ಪಿ. ಜಾಸ್ತಿ ಇದೆ. ನಾಳೆಯೇ ಡಾಕ್ಟರಿಗೆ ತೋರಿಸು."

"ಡಾಕ್ಟರೇ ಸರಿ ಇದೆ ಎಂದಿದ್ದಾರೆ. ನಿನಗೆ ಆಸ್ಪತ್ರೆಯ ರೋಗಿಗಳು ಸಾಲದೆ ಮನೆಯವರಿಗೂ ರೋಗ ಹಚ್ಚುತ್ತೀಯಾ? ನನಗೆ ತಲೆನೋವಿಲ್ಲ, ತಲೆ ಸುತ್ತುವುದಿಲ್ಲ. ನನಗೇನಾಗಿದೆ?"

"ಅಪ್ಪನಿಗೂ ಏನೂ ಆಗಿರಲಿಲ್ಲ ಅಣ್ಣಾ."

ಅವನು ಅರ್ಧ ಊಟಕ್ಕೇ ಎದ್ದುಬಿಟ್ಟ. ಇನ್ನು ಈ ಮನೆಗೆ ಬರುವುದಾದರೆ ತಂಗಿಯಾಗಿ ಬಾ, ನರ್ಸಾಗಿ ಬರಬೇಡ ಎಂದ. ನೀಲಾ ತನ್ನ ಚೀಲ ಕಟ್ಟಿಕೊಂಡಳು. ಯಂತ್ರವನ್ನು ಅತ್ತಿಗೆಯ ಕೈಗೆ ಕೊಟ್ಟು ಸಂಜೆಯ ಬಸ್ಸಿಗೆ ಹೊರಟುಹೋದಳು.

ಇಪ್ಪತ್ತು ದಿನ ಅಣ್ಣ ತಂಗಿ ಫೋನಿನಲ್ಲೂ ಮಾತಾಡಲಿಲ್ಲ.

ಒಂದು ಮಧ್ಯಾಹ್ನ ಹೆಂಡತಿ ಮನೆಯಲ್ಲಿರಲಿಲ್ಲ. ಕೊಟ್ರಬಸಪ್ಪ ತಾನೇ ಯಂತ್ರ ತೆಗೆದು ಪಟ್ಟಿ ಕಟ್ಟಿಕೊಂಡ. ನೂರ ಅರವತ್ತು. ಮರುದಿನವೂ ನೋಡಿಕೊಂಡ, ಅದರ ಮರುದಿನವೂ. ಅಂಕಿ ಇಳಿಯಲಿಲ್ಲ. ಯಂತ್ರವೇ ಕೆಟ್ಟಿದೆ ಎಂದು ತೀರ್ಮಾನಿಸಿದ. ಡಾಕ್ಟರ ಬಾಯಿಂದಲೇ ಹಾಗೆ ಹೇಳಿಸಿ ತಂಗಿಗೆ ತಿಳಿಸಬೇಕೆಂದು ಅದನ್ನು ಚೀಲಕ್ಕೆ ಹಾಕಿಕೊಂಡು ಹೋದ.

ಮನೆಯಲ್ಲಿ ಬಂದ ಅಂಕಿಗಳನ್ನು ಅವನಿಂದ ಕೇಳಿ ಡಾಕ್ಟರು ಮೊದಲು ತಮ್ಮ ಯಂತ್ರದಿಂದ ನೋಡಿದರು. ನೂರ ಇಪ್ಪತ್ತಾರು. ಆಮೇಲೆ ನೀಲಾಳ ಯಂತ್ರದಿಂದ ನೋಡಿದರು. ನೂರ ಇಪ್ಪತ್ತೆಂಟು.

"ಯಂತ್ರ ಸರಿಯಾಗಿದೆ" ಎಂದರು ಡಾಕ್ಟರು.

"ಹಾಗಾದರೆ ನಾನೂ ಸರಿಯಾಗಿದ್ದೇನೆ ಅಲ್ಲವಾ ಸಾರ್?"

ಡಾಕ್ಟರು ಅವನ ಮೈಯನ್ನೊಮ್ಮೆ ನೋಡಿದರು. "ನಾಳೆ ಕೆಲಸ ಇದೆಯಾ?" ಎಂದು ಕೇಳಿದರು. ನಾಳೆ ಒಂದು ಮದುವೆಯ ಅಡುಗೆಯಿತ್ತು. ಬೆಳಿಗ್ಗೆ ಬಂದು ಇನ್ನೊಂದು ಪಟ್ಟಿ ಕಟ್ಟಿಸಿಕೊಂಡು ಹೋಗಲು ಹೇಳಿದರು. ಅದು ಒಂದು ಹಗಲು, ಒಂದು ರಾತ್ರಿ ತೋಳಿನಲ್ಲೇ ಇರುತ್ತದೆ, ಅರ್ಧ ಗಂಟೆಗೊಮ್ಮೆ ತಾನೇ ಬಿಗಿದು ಒತ್ತಡವನ್ನು ಬರೆದಿಟ್ಟುಕೊಳ್ಳುತ್ತದೆ, ಬಿಗಿಯುವಾಗ ಮಾತ್ರ ಕೈ ಅಲುಗಿಸಬಾರದು ಎಂದರು.

ಬೂಂದಿ ಕರಿಯುವಾಗ ಪಟ್ಟಿ ಬಿಗಿಯಿತು. ಅನ್ನ ಬಸಿಯುವಾಗ ಬಿಗಿಯಿತು. ಪ್ರತಿ ಸಲವೂ ಅವನು ಕೆಲಸ ನಿಲ್ಲಿಸಿ ಕಂಬದ ಹಾಗೆ ನಿಂತ. ಜೊತೆಗಾರರು ನಕ್ಕರು. ಅವನೂ ನಕ್ಕ. ಆದರೆ ಪಟ್ಟಿ ಬಿಗಿದಾಗಲೆಲ್ಲ ಅವನಿಗೆ ತಂದೆಯ ಎಡಗೈ ನೆನಪಾಗುತ್ತಿತ್ತು.

ಮರುದಿನ ಡಾಕ್ಟರು ಆ ಪಟ್ಟಿಯ ಅಂಕಿಗಳಿದ್ದ ಕಾಗದವನ್ನು ಅವನ ಮುಂದಿಟ್ಟರು. ಹಗಲೆಲ್ಲ ಒತ್ತಡ ಹೆಚ್ಚಿತ್ತು. ಮಲಗಿದಾಗಲೂ ಇಳಿಯಬೇಕಾದಷ್ಟು ಇಳಿದಿರಲಿಲ್ಲ.

"ನನ್ನ ಕೋಣೆಯಲ್ಲಿ ಕುಳಿತಾಗ ಮಾತ್ರ ನಿಮ್ಮದು ಸರಿ ಇರುತ್ತದೆ. ನೀವು ಇಲ್ಲಿ ಇರುವುದು ವರ್ಷಕ್ಕೆ ಹತ್ತು ನಿಮಿಷ. ಮೈಭಾರ ಹೆಚ್ಚಿದ್ದವರಲ್ಲಿ ಬಿ.ಪಿ. ಹೀಗೆ ಅಡಗಿರುವುದು ಹೆಚ್ಚು. ಅದನ್ನು ನಾನು ಮೊದಲೇ ಹುಡುಕಬೇಕಿತ್ತು."

ಕೊಟ್ರಬಸಪ್ಪ ಕಾಗದವನ್ನು ಪಕ್ಕಕ್ಕೆ ಸರಿಸಿ ಕೇಳಿದ. "ನನ್ನ ಮಾತೂ ಹೋಗುತ್ತದಾ ಸಾರ್?"

ಬಹಳ ದಿನದಿಂದ ಬಚ್ಚಿಟ್ಟಿದ್ದ ಪ್ರಶ್ನೆ ಅದು. ಡಾಕ್ಟರು ಆಶ್ವಾಸನೆ ಕೊಡಲಿಲ್ಲ, ಹೆದರಿಸಲೂ ಇಲ್ಲ. ಹೃದಯ, ಕಣ್ಣು, ಮೂತ್ರಪಿಂಡ ಎಲ್ಲವನ್ನೂ ಪರೀಕ್ಷೆ ಮಾಡಿಸಲು ಬರೆದುಕೊಟ್ಟರು. ಅದಕ್ಕೆ ಎರಡು ದಿನ ಹಿಡಿಯಿತು. ಆ ಎರಡು ದಿನ ಅವನು ಮನೆಯಲ್ಲಿ ಹೆಚ್ಚು ಮಾತಾಡಿದ. ಹೆಂಡತಿಗೆ ಕಾರಣ ಗೊತ್ತಾಗಲಿಲ್ಲ. ಮಾತು ಬರುತ್ತಿದೆಯೇ ಎಂದು ಅವನು ನೋಡಿಕೊಳ್ಳುತ್ತಿದ್ದ.

ಮೂರನೆಯ ದಿನ ಫಲಿತಾಂಶ ಬಂತು. ಹೃದಯದ ಗೋಡೆ ತುಸು ದಪ್ಪವಾಗಿತ್ತು, ಅಷ್ಟೇ. ಉಳಿದದ್ದೆಲ್ಲ ಚೆನ್ನಾಗಿತ್ತು.

"ಬೇಗ ಬಂದಿದ್ದೀರಿ. ದಿನಕ್ಕೊಂದು ಮಾತ್ರೆ, ಉಪ್ಪು ಕಡಿಮೆ, ತೂಕ ಇಳಿಯಲೇಬೇಕು. ಹೆದರುವಂಥದ್ದೇನೂ ಆಗಿಲ್ಲ" ಎಂದರು ಡಾಕ್ಟರು.

ಅವನು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತ. ತಂಗಿಗೆ ಫೋನು ಮಾಡಿದ. ಅವಳು "ಅಣ್ಣಾ" ಎಂದಳು. ಇವನಿಗೆ ಅಳು ಬಂತು. ಮಾತು ಹೊರಡಲಿಲ್ಲ. ಅವಳು ಮತ್ತೆ ಕರೆದಳು. ಆಚೆಯಿಂದ ಬರಿಯ ಉಸಿರು ಕೇಳಿ ಅವಳಿಗೆ ಅಪ್ಪ ನೆನಪಾದರು.

"ಅಣ್ಣಾ, ಮಾತಾಡು! ಏನಾದರೂ ಒಂದು ಮಾತಾಡು!"

"ನೀಲಾ," ಎಂದ ಅವನು, "ಊಟ ಆಯಿತಾ?"

ಅವಳು ಅಲ್ಲೇ ನೆಲದ ಮೇಲೆ ಕುಳಿತಳು. ಆಮೇಲೆ ಬಾಯಿಗೆ ಬಂದಂತೆ ಬೈದಳು. ಅವನು ಎಲ್ಲವನ್ನೂ ಕೇಳಿಸಿಕೊಂಡ. ಇಬ್ಬರೂ ಅತ್ತರು, ಇಬ್ಬರೂ ನಕ್ಕರು.

ತೂಕ ಸುಲಭವಾಗಿ ಇಳಿಯಲಿಲ್ಲ. ಅಡುಗೆಯವನು ರುಚಿ ನೋಡದೆ ಇರಲಾರ. ಸೌಟಿನಲ್ಲಿ ನೋಡುತ್ತಿದ್ದವನು ಚಮಚದ ತುದಿಯಲ್ಲಿ ನೋಡಲು ಕಲಿತ. ಕರಿದ ತಿಂಡಿಯನ್ನು ಬಿಸಿಬಿಸಿಯಾಗಿ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಮಾತ್ರ ಬಹಳ ದಿನ ಕಾಡಿತು. ನಡುವೆ ಎರಡು ಸಲ ಸೋತ. ಬೆಳಿಗ್ಗೆ ಹೆಂಡತಿಯನ್ನೂ ಕರೆದುಕೊಂಡು ಕೆರೆಯ ಏರಿಯ ಮೇಲೆ ನಡೆದ. ಒಂಬತ್ತು ತಿಂಗಳಲ್ಲಿ ಹದಿನಾಲ್ಕು ಕಿಲೋ ಹೋಯಿತು. ಕರೆಯುವವರು ಕಡಿಮೆಯಾಗಲಿಲ್ಲ. ಡಾಕ್ಟರು ಇನ್ನೊಮ್ಮೆ ಒಂದು ಹಗಲು, ಒಂದು ರಾತ್ರಿ ಪಟ್ಟಿ ಕಟ್ಟಿ ಕಳಿಸಿದರು. ಈ ಸಲ ಒಲೆಯ ಮುಂದೆಯೂ ಒತ್ತಡ ಹದದಲ್ಲಿತ್ತು, ನಿದ್ದೆಯಲ್ಲಿಯೂ ಹದದಲ್ಲಿತ್ತು. ಐವತ್ತೆರಡು ತುಂಬಿದ ದಿನ ತಂಗಿಯನ್ನು ಮನೆಗೆ ಕರೆಸಿ, ತಾನೇ ಬಡಿಸಿ, ಅವಳು ಉಂಡು ಏಳುವವರೆಗೂ ಏನೇನೋ ಮಾತಾಡುತ್ತ ಪಕ್ಕದಲ್ಲೇ ಕುಳಿತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಮಹಾಂತನ ಮುಖ ಹಗುರಾಗಿತ್ತು.

"ಸದ್ಯ, ಉಳಿದುಕೊಂಡನಲ್ಲ" ಎಂದ. ಆಮೇಲೆ ಕೇಳಿದ. "ಅಂದರೆ ಅಂದು ಊಟದ ಹೊತ್ತಿನಲ್ಲಿ ಅವನು ಸಿಟ್ಟಾದದ್ದು ತಂಗಿಯ ಮೇಲಲ್ಲ. ಅವನಿಗೆ ಹೆದರಿಕೆಯಾಗಿತ್ತು, ಅಲ್ಲವೇ ಗುರುಗಳೇ?"

ಗುರುಗಳು ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡರು.

"ಇರಲಿ, ನೀನು ಯಾರೊಡನೆ ಮಾತು ಬಿಟ್ಟಿದ್ದೀಯೆ?" ಎಂದರು.

ಮಹಾಂತ ತಲೆ ತಗ್ಗಿಸಿದ.