ಖಾಲಿ ಚೌಕಟ್ಟು ಹಿಡಿದ ಜೇಡ

ಪಟಗಳಿಗೆ ಚೌಕಟ್ಟು ಹಾಕುವ ಅಂಗಡಿಯಲ್ಲಿ, ರಾಜನೊಬ್ಬನ ಪಟದ ಹಿಂದೆ ಹಲ್ಲಿಯೊಂದು ವಾಸವಾಗಿತ್ತು. ಬಾಗಿಲ ಬಳಿ ತೂಗುತ್ತಿದ್ದ ಖಾಲಿ ಚೌಕಟ್ಟಿಗೆ ಜೇಡವೊಂದು ನೂಲು ಕಟ್ಟುವುದನ್ನು ಕಂಡು ಅದು ನಕ್ಕಿತು.

"ಅಲ್ಲೇನಿದೆಯಮ್ಮಾ? ಬರೀ ಬಯಲು! ನನ್ನ ಹಾಗೆ ಒಳ್ಳೆಯ ಪಟ ನೋಡಿ ಸೇರಿಕೋ."

"ಏನೂ ಇಲ್ಲವೆಂದೇ ಬಂದೆ, ಹಲ್ಲಿಯಣ್ಣ. ನಿನ್ನ ಪಟದಲ್ಲಿ ನನ್ನ ಒಂದೆಳೆಗೂ ಜಾಗವಿಲ್ಲ."

ಬೀದಿಯ ಗಾಳಿಗೆ ನೂಲು ಹರಿಯಿತು. ಜೇಡ ಮತ್ತೆ ಕಟ್ಟಿತು. ಮತ್ತೆ ಹರಿಯಿತು. ಆರನೆಯ ಸಲ ಬಲೆ ನಿಂತಿತು. ಎಳೆಬಿಸಿಲಿಗೆ ಅದು ಹೊಳೆದಾಗ ಅಂಗಡಿಯ ಗುಣವಂತಯ್ಯ ಪೊರಕೆ ಕೆಳಗಿಟ್ಟು ನೋಡುತ್ತ ನಿಂತ.

ಅಂದೇ ರಾಜನ ಪಟ ಮಾರಾಟವಾಯಿತು. ಹಲ್ಲಿ ಓಡಿಬಂತು. "ತಾಯಿ, ನಿನ್ನ ಚಿತ್ರದ ಹಿಂದೆ ಅಡಗಲು ಜಾಗ ಕೊಡು."

"ಧಾರಾಳವಾಗಿ ಬಾ. ಆದರೆ ಇದರ ಹಿಂದೆ ನಿಂತವರೆಲ್ಲ ಕಾಣಿಸುತ್ತಾರೆ" ಎಂದು ಜೇಡ ಇನ್ನೊಂದು ಖಾಲಿ ಚೌಕಟ್ಟಿನತ್ತ ಹೊರಟಿತು.